ರಂಗಪ್ರವೇಶದ ಫೋಟೊಗೆ ಕೊಂಡ ಮೇಕಪ್: ಎರಡನೇ ಸಲ ಮಗಳು ಮಗಳ ಹಾಗೇ ಕಂಡಳು

ಒಂದೇ ಕಾರ್ಯಕ್ರಮಕ್ಕೆ ನಾವು ಎರಡು ಸಲ ಫೋಟೊ ತೆಗೆಸಿದೆವು. ಮೊದಲ ಸಲದ ಫೋಟೊಗಳು ಇನ್ನೂ ನನ್ನ ಫೋನಿನಲ್ಲಿವೆ. ಅಳಿಸಿಲ್ಲ. ನಾಟ್ಯ ಕ್ಲಾಸಿನ ಬೇರೆ ತಾಯಂದಿರು ಕೇಳಿದಾಗ ತೋರಿಸಲು ಇಟ್ಟುಕೊಂಡಿದ್ದೇನೆ. ಅದರಲ್ಲಿ ನನ್ನ ಮಗಳ ಮುಖ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣ, ಅಲಪದ್ಮ ಮುದ್ರೆ ಹಿಡಿದ ಕೈ ಮೂರನೇ ಬಣ್ಣ. ಮೂಗಿನ ಪಕ್ಕದಲ್ಲಿ, ಕಣ್ಣಿನ ಕೆಳಗೆ ಅಕ್ಕಿಹಿಟ್ಟು ಮೆತ್ತಿದ ಹಾಗೆ ಬಿಳಿ. ಹನ್ನೊಂದು ವರ್ಷ ಭರತನಾಟ್ಯ ಕಲಿತ ಹುಡುಗಿ. ರಂಗಪ್ರವೇಶದ, ಅಂದರೆ ಅವಳೊಬ್ಬಳೇ ಮಾಡುವ ಮೊದಲ ಪೂರ್ತಿ ಕಾರ್ಯಕ್ರಮದ, ಆಹ್ವಾನದ ಕಾರ್ಡಿಗೆ ಹಾಕಬೇಕಾದ ಫೋಟೊ. ಅದನ್ನು ನೋಡಿ ಅವಳು ಏನೂ ಮಾತಾಡದೆ ಫೋನು ವಾಪಸ್ ಕೊಟ್ಟಳು. ಆಮೇಲೆ ರಾತ್ರಿ ಕೇಳಿದಳು, "ಅಮ್ಮಾ, ನಾನು ಇರೋದೇ ಹೀಗೆ ಅಲ್ವಾ? ಫೋಟೊದಲ್ಲಿ ಯಾಕೆ ಬೇರೆ ಹುಡುಗಿ ಥರ ಮಾಡಿದ್ರು?"

ಆ ಮಾತು ನನ್ನ ಎದೆಗೆ ನಾಟಿತು. ಎರಡನೇ ಸಲ ಮೇಕಪ್ ಸಾಮಾನು ನಾನೇ ಕೊಂಡೆ, ನಾನೇ ಹಚ್ಚಿದೆ. ಆ ಸಾಮಾನಿನ ಬಗ್ಗೆ, ಅದನ್ನು ಆರಿಸಿದ ಬಗೆ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ನಾನು ಬ್ಯೂಟಿಷಿಯನ್ ಅಲ್ಲ. ಮೈಸೂರಿನಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಮಗಳ ಜೊತೆ ಹನ್ನೊಂದು ವರ್ಷ ಗ್ರೀನ್ ರೂಮಿನಲ್ಲಿ ಪಿನ್ನು, ಸೂಜಿ, ದಾರ ಹಿಡಿದು ನಿಂತ ಅನುಭವ ಇದೆ, ಅಷ್ಟೆ.

ಮೊದಲು ತಪ್ಪು ಎಲ್ಲಾಯಿತು ಅಂತ ಹೇಳುತ್ತೇನೆ. ಆ ದಿನ ಮೇಕಪ್ ಮಾಡಲು ಬಂದವರು ಮಗಳ ಮೈಬಣ್ಣಕ್ಕಿಂತ ಎರಡು ಶೇಡ್ ತಿಳಿಯಾದ ಬೇಸ್, ಅಂದರೆ ಮುಖಕ್ಕೆಲ್ಲ ಹಚ್ಚುವ ತಳಬಣ್ಣ, ಹಚ್ಚಿದರು. ನಾನು ಕೇಳಿದ್ದಕ್ಕೆ, "ಫೋಟೊಗೆ ಸ್ವಲ್ಪ ಬೆಳ್ಳಗೆ ಇರಬೇಕು ಮೇಡಂ, ಇಲ್ಲಾಂದ್ರೆ ಕಾಣಲ್ಲ" ಅಂದರು. ನಾನು ಸುಮ್ಮನಾದೆ. ನನ್ನ ಮಗಳದು ಎಣ್ಣೆಗೆಂಪು ಬಣ್ಣ, ನಮ್ಮತ್ತೆಯವರದೇ ಬಣ್ಣ. ಅಂಥ ಚರ್ಮದ ಮೇಲೆ ತಿಳಿ ಬೇಸ್ ಹಚ್ಚಿದರೆ ಬೆಳ್ಳಗೆ ಕಾಣಲ್ಲ, ಬೂದಿ ಬಳಿದ ಹಾಗೆ ಕಾಣುತ್ತದೆ. ಚರ್ಮದ ಒಳಗಿನ ಕೆಂಪು, ಹಳದಿ ಎರಡೂ ಮುಚ್ಚಿಹೋಗಿ ಬೂದು ಬಣ್ಣ ಮೇಲೆ ಬರುತ್ತದೆ. ಮನೆಯ ಕನ್ನಡಿಯಲ್ಲಿ ಅಷ್ಟಾಗಿ ಗೊತ್ತಾಗಲಿಲ್ಲ. ಸ್ಟುಡಿಯೊ ಲೈಟು ಬಿದ್ದ ಕೂಡಲೇ ಗೊತ್ತಾಯಿತು.

ಎರಡನೆಯದು ಪೌಡರ್. ಮೇಲಿಂದ ಹಾಕಿದ್ದು 'ಎಚ್‌ಡಿ' ಅಂತ ಬರೆದ, ಬಿಳಿ ಬಿಳಿ ನುಣುಪು ಪೌಡರ್. ಇಂಥ ಎಷ್ಟೋ ಪೌಡರ್‌ಗಳಲ್ಲಿ ಇರುವುದು ಹೆಚ್ಚಾಗಿ ಸಿಲಿಕಾ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ಕ್ಯಾಮೆರಾದ ಫ್ಲ್ಯಾಶ್ ನೇರವಾಗಿ ಹೊಡೆದಾಗ ಅದು ಬೆಳಕನ್ನು ತಿರುಗಿ ಲೆನ್ಸಿಗೇ ಎಸೆಯುತ್ತದೆ. ದಪ್ಪಗೆ ಹಾಕಿದ ಜಾಗವೆಲ್ಲ ಬಿಳಿ ಮಚ್ಚೆ. ಸನ್‌ಸ್ಕ್ರೀನ್‌ನದೂ ಇದೇ ಕತೆ. ಅದರಲ್ಲಿ ಟೈಟಾನಿಯಂ ಡೈಆಕ್ಸೈಡ್ ಅಥವಾ ಜಿಂಕ್ ಆಕ್ಸೈಡ್ ಇದ್ದರೆ ಫ್ಲ್ಯಾಶ್ ಬಿದ್ದಾಗ ಇಡೀ ಮುಖ ಒಂದು ಪದರ ಬೆಳ್ಳಗಾಗುತ್ತದೆ. ಎಸ್‌ಪಿಎಫ್ ಅಂತ ಬರೆದಿರುವ ಫೌಂಡೇಶನ್‌ಗಳಲ್ಲೂ ಇದು ಆಗಬಹುದು. ಬಿಸಿಲಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದರೆ ಏನೂ ತೊಂದರೆ ಇಲ್ಲ. ಈ ವ್ಯತ್ಯಾಸ ನನಗೆ ಮೊದಲೇ ಗೊತ್ತಿದ್ದರೆ ಒಂದು ದಿನದ ಸ್ಟುಡಿಯೊ ದುಡ್ಡು ಉಳಿಯುತ್ತಿತ್ತು.

ನನ್ನ ತವರು ಹೊನ್ನಾವರ ಕಡೆ. ಚಿಕ್ಕವಳಿದ್ದಾಗ ಅಪ್ಪ ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋದರೆ ನಾನು ಮೊದಲು ಓಡುತ್ತಿದ್ದದ್ದು ಚೌಕಿಗೆ, ಅಂದರೆ ವೇಷ ಹಾಕಿಕೊಳ್ಳುವ ಜಾಗಕ್ಕೆ. ವೇಷ ಕಟ್ಟುವವರು ಚಾಪೆ ಮೇಲೆ ಕೂತು, ಕೈಗನ್ನಡಿ ಹಿಡಿದು ತಮ್ಮ ಬಣ್ಣ ತಾವೇ ಬರೆದುಕೊಳ್ಳುತ್ತಿದ್ದರು. ಹತ್ತಿರದಿಂದ ನೋಡಿದರೆ ಗೆರೆಗಳು ದಪ್ಪ, ಬಣ್ಣ ಗಾಢ. ದೂರ ಬಂದು ಗದ್ದೆಯಲ್ಲಿ ಕೂತು ನೋಡಿದರೆ ಅದೇ ಮುಖ ಸರಿಯಾಗಿ ಕಾಣುತ್ತಿತ್ತು. ಆ ಬಣ್ಣ ದೂರದಲ್ಲಿ ಕೂತವರಿಗಾಗಿ. ಫೋಟೊದಲ್ಲಿ ಲೆನ್ಸು ನಿಮ್ಮ ಮೂಗಿನ ಮುಂದೆ ಇರುತ್ತದೆ. ಸಭಾಂಗಣದ ಕೊನೆ ಸಾಲಿಗೆ ಹಾಕುವ ಮೇಕಪ್ಪನ್ನು ಹಾಗೇ ಫೋಟೊಗೂ ಹಾಕಿದರೆ ಆಗುವುದಿಲ್ಲ. ನಮ್ಮ ಎಷ್ಟೋ ಕ್ಲಾಸುಗಳಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಈಗ ಕೊಂಡದ್ದರ ವಿಷಯ. ಮುಖ್ಯವಾದದ್ದು ಒಂದೇ: ಕ್ರಯೋಲಾನ್ ಕಂಪನಿಯ ಟಿವಿ ಪೇಂಟ್ ಸ್ಟಿಕ್. ಇದು ಬರ್ಲಿನ್‌ನಲ್ಲಿ 1945ರಲ್ಲಿ ಶುರುವಾದ, ನಾಟಕ ಮತ್ತು ಸಿನಿಮಾದವರಿಗಾಗಿಯೇ ಮೇಕಪ್ ಮಾಡುವ ಕಂಪನಿ. ನಾಟ್ಯದವರಿಗೆ ಈ ಹೆಸರು ಹೊಸದೇನಲ್ಲ. ಲಿಪ್‌ಸ್ಟಿಕ್ ಥರ ತಿರುಗಿಸಿದರೆ ಮೇಲೆ ಬರುವ ದಪ್ಪ ಕಡ್ಡಿ, 25 ಗ್ರಾಂ. ಬೆಲೆ ಸಾವಿರ ರೂಪಾಯಿಗಿಂತ ಜಾಸ್ತಿ. ಮೊದಲು ನನಗೂ ಕೈ ಹಿಂಜರಿಯಿತು. ಆದರೆ ಒಂದು ಮುಖಕ್ಕೆ ಬೇಕಾಗುವುದು ತೀರಾ ಸ್ವಲ್ಪ.

ಶೇಡ್ ನಂಬರ್ ನಾನು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ನೀವು ಅದನ್ನೇ ತರಿಸಿಕೊಳ್ಳುತ್ತೀರಿ, ನಿಮ್ಮ ಮಗಳ ಚರ್ಮ ನನ್ನ ಮಗಳ ಚರ್ಮ ಅಲ್ಲ. ಆನ್‌ಲೈನಿನಲ್ಲಿ ಮೊದಲ ಸಲ ತರಿಸಲೂ ಬೇಡಿ. ಅಂಗಡಿಗೆ ಹೋಗಿ, ಬೆಳಗ್ಗೆ ಹನ್ನೊಂದರ ಒಳಗೆ, ಯಾರು ಹಚ್ಚಿಕೊಳ್ಳುತ್ತಾರೋ ಅವರನ್ನೇ ಕರೆದುಕೊಂಡು, ಮುಖಕ್ಕೆ ಏನೂ ಹಚ್ಚದೆ ಹೋಗಿ.

ಕೌಂಟರಿನ ಹುಡುಗಿ ಮೊದಲು ಕೈ ಹಿಂಭಾಗಕ್ಕೆ ಹಚ್ಚಲು ಬಂದಳು. ನಾನು ಬೇಡ ಅಂದೆ. ಕೈ ಬಿಸಿಲಿಗೆ ಕಪ್ಪಾಗಿರುತ್ತದೆ, ಮುಖ ಬೇರೆಯೇ ಇರುತ್ತದೆ. ದವಡೆಯ ಅಂಚಿನಲ್ಲಿ, ಮುಖ ಮುಗಿದು ಕತ್ತು ಶುರುವಾಗುವ ಜಾಗದಲ್ಲಿ, ಮೂರು ಶೇಡುಗಳ ಮೂರು ಗೆರೆ ಎಳೆಸಿದೆ. ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಮೂರೂ ಚೆನ್ನಾಗೇ ಕಂಡವು. ಮಗಳನ್ನು ಹೊರಗೆ ಫುಟ್‌ಪಾತಿಗೆ ಕರೆದುಕೊಂಡು ಬಂದು, ಬಿಸಿಲು ನೇರ ಬೀಳದ ಕಡೆ ನಿಲ್ಲಿಸಿದೆ. ಹತ್ತು ನಿಮಿಷ ಕಾದೆವು, ಪಕ್ಕದ ಗಾಡಿಯವನ ಹತ್ತಿರ ಎಳನೀರು ಕುಡಿದೆವು. ಆಮೇಲೆ ನೋಡಿದರೆ, ಎಡಗಡೆಯ ಗೆರೆ ಗುಲಾಬಿ ಛಾಯೆಗೆ ತಿರುಗಿ ಎದ್ದು ಕಾಣುತ್ತಿತ್ತು. ಬಲಗಡೆಯದು ಕಂದು ಪಟ್ಟಿ. ಮಧ್ಯದ ಗೆರೆ ಎಲ್ಲಿದೆ ಅಂತ ನಾನು ಗಲ್ಲ ಹಿಡಿದು ತಿರುಗಿಸಿ ಹುಡುಕಬೇಕಾಯಿತು. ಅದೇ ನಮ್ಮದು ಅಂತ ಆಗಲೇ ಗೊತ್ತಾಯಿತು. ಇಬ್ಬರೂ ಒಟ್ಟಿಗೆ ನಕ್ಕೆವು.

ಅಲ್ಲಿಗೇ ನಿಲ್ಲಿಸಲಿಲ್ಲ. ಅದೇ ಕಂಪನಿಯ ಟ್ರಾನ್ಸ್‌ಲೂಸೆಂಟ್ ಪೌಡರನ್ನು ಅದರ ಮೇಲೆ ಹಾಕಿಸಿ, ಅಂಗಡಿಯ ಒಳಗಿನ ಸ್ವಲ್ಪ ಕತ್ತಲೆ ಮೂಲೆಯಲ್ಲಿ ನಿಲ್ಲಿಸಿ, ನನ್ನ ಫೋನಿನ ಫ್ಲ್ಯಾಶ್ ಹಾಕಿ ಫೋಟೊ ತೆಗೆದೆ. ಎರಡು ಛಾಯೆಯ ಪೌಡರ್ ನೋಡಿದೆ. ಒಂದು ಬಿಳಿಚಿತು. ಸ್ವಲ್ಪ ಹಳದಿ ಛಾಯೆ ಇದ್ದದ್ದು ಬಿಳಿಚಲಿಲ್ಲ, ಅದನ್ನು ಕೊಂಡೆ. ಈ ಫ್ಲ್ಯಾಶ್ ಪರೀಕ್ಷೆಗೆ ಎರಡು ನಿಮಿಷ ಸಾಕು. ಯಾವ ಕಂಪನಿಯದೇ ಕೊಳ್ಳಿ, ಇದನ್ನು ಮಾತ್ರ ಬಿಡಬೇಡಿ.

ಮನೆಗೆ ಬಂದು ಮೊಣಕೈ ಒಳಗಡೆ ಸ್ವಲ್ಪ ಹಚ್ಚಿ ಒಂದು ದಿನ ಬಿಟ್ಟೆ. ಕೆರೆತ, ಗುಳ್ಳೆ ಏನೂ ಆಗಲಿಲ್ಲ. ಫೋಟೊ ದಿನ ಮೊದಲ ಸಲ ಹಚ್ಚಿ, ಅಂದೇ ಗುಳ್ಳೆ ಎದ್ದರೆ ಏನು ಮಾಡುತ್ತೀರಿ? ನಮ್ಮ ಹತ್ತಿರದವರೊಬ್ಬರು ಹಿಂದಿನ ದಿನ ಫೇಶಿಯಲ್, ಬ್ಲೀಚ್ ಮಾಡಿಸು ಅಂದರು. ಖಂಡಿತ ಬೇಡ ಅಂದೆ. ಐಬ್ರೋ ಕೂಡ ಮೂರು ದಿನ ಮೊದಲೇ ಮಾಡಿಸಿದೆವು. ಹುಬ್ಬಿನ ಕೆಳಗೆ ಕೆಂಪು ಉಳಿದಿದ್ದರೆ ಕ್ಲೋಸಪ್‌ನಲ್ಲಿ ಮುಚ್ಚುವುದು ಕಷ್ಟ.

ಹಚ್ಚುವ ವಿಧಾನದಲ್ಲಿ ನಾನು ಕಲಿತದ್ದು ಇಷ್ಟು. ಮುಖ ತೊಳೆದು, ಮಾಯಿಶ್ಚರೈಸರ್ ಹಚ್ಚಿ, ಕಾಲು ಗಂಟೆ ಸುಮ್ನೆ ಬಿಡಬೇಕು. ಆ ಹೊತ್ತಿನಲ್ಲಿ ಜಡೆ ಹಾಕಿಬಿಡಬಹುದು. ಒಣಚರ್ಮದ ಮೇಲೆ ಈ ಸ್ಟಿಕ್ ತೇಪೆ ತೇಪೆಯಾಗಿ ಕೂರುತ್ತದೆ. ಕಡ್ಡಿಯನ್ನು ನೇರ ಮುಖಕ್ಕೆ ಉಜ್ಜಬೇಡಿ. ಬೆರಳಿಗೆ ತೆಗೆದುಕೊಂಡು ಹಣೆ, ಕೆನ್ನೆ, ಮೂಗು, ಗಲ್ಲಕ್ಕೆ ಚುಕ್ಕಿ ಇಡಿ. ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ತಟ್ಟುತ್ತಾ ಹೋಗಿ. ಒರೆಸಬೇಡಿ, ತಟ್ಟಿ. ಒರೆಸಿದರೆ ಒಂದು ಕಡೆ ದಪ್ಪ, ಒಂದು ಕಡೆ ಖಾಲಿ. ತಟ್ಟಿದರೆ ಚರ್ಮದ ಜೊತೆ ಸೇರಿಕೊಳ್ಳುತ್ತದೆ. ಮಗಳ ಗಲ್ಲದ ಮೇಲೆ ಸಾಸಿವೆ ಕಾಳಿನಷ್ಟು ಮಚ್ಚೆ ಇದೆ. ಸ್ಪಂಜು ಆ ಜಾಗಕ್ಕೆ ಬಂದಾಗ ಮಚ್ಚೆ ಇನ್ನೂ ತೆಳುವಾಗಿ ಕಾಣುತ್ತಿತ್ತು. ಅಲ್ಲಿಗೆ ನಿಲ್ಲಿಸಿದೆ. ಇನ್ನೊಂದು ಪದರ ಹಾಕಿದ್ದರೆ ಅದು ಮುಚ್ಚಿಹೋಗುತ್ತಿತ್ತು, ಮುಖ ಮುಖವಾಡ ಆಗುತ್ತಿತ್ತು. ಈ ಸ್ಟಿಕ್‌ನ ಒಳ್ಳೆಯ ಗುಣವೂ ತೊಂದರೆಯೂ ಅದೇ. ಎಷ್ಟು ಬೇಕಾದರೂ ಮುಚ್ಚುತ್ತದೆ. ಎಲ್ಲಿ ಸಾಕು ಅನ್ನುವುದು ಹಚ್ಚುವವರಿಗೆ ಗೊತ್ತಿರಬೇಕು.

ಕಣ್ಣಿನ ಕೆಳಗಿನ ಕಪ್ಪಿಗೆ ತಿಳಿ ಬಣ್ಣದ ಕನ್ಸೀಲರ್ ಹಚ್ಚಿದರೆ ಮತ್ತೆ ಅದೇ ಬೂದಿ. ನಮ್ಮಂಥ ಬಣ್ಣಕ್ಕೆ ಮೊದಲು ಕಿತ್ತಳೆ ಬಣ್ಣದ ಕರೆಕ್ಟರ್ ತೆಳುವಾಗಿ, ಅದರ ಮೇಲೆ ಬೇಸ್. ಕಿತ್ತಳೆ ಆ ನೀಲಿಗಪ್ಪನ್ನು ಎಳೆದುಕೊಂಡುಬಿಡುತ್ತದೆ. ಮೊದಲು ನೋಡಲು ಭಯವಾಗುತ್ತದೆ, ಕಣ್ಣಿನ ಕೆಳಗೆ ಕುಂಕುಮ ಸವರಿದ ಹಾಗೆ. ಬೇಸ್ ಬಿದ್ದ ಮೇಲೆ ಮಾಯ.

ಕತ್ತು, ಕಿವಿ, ಕಿವಿಯ ಹಿಂಭಾಗ, ಬೆನ್ನಿನ ಮೇಲ್ಭಾಗ, ತೋಳು, ಕೈ. ಇವನ್ನು ಮರೆಯುವವರೇ ಜಾಸ್ತಿ. ನಾಟ್ಯದ ಫೋಟೊದಲ್ಲಿ ಮುಖದಷ್ಟೇ ಕಾಣುವುದು ಕೈ. ಹಸ್ತವನ್ನು ಮುಖದ ಪಕ್ಕ ಹಿಡಿದಾಗ ಎರಡರ ಬಣ್ಣ ಬೇರೆ ಇದ್ದರೆ ಕಣ್ಣಿಗೆ ಹೊಡೆಯುತ್ತದೆ. ನಾನು ಬಟಾಣಿ ಕಾಳಿನಷ್ಟು ಸ್ಟಿಕ್ ತೆಗೆದು ಮಾಯಿಶ್ಚರೈಸರ್ ಜೊತೆ ಅಂಗೈಯಲ್ಲಿ ಕಲೆಸಿ ತೋಳಿಗೆ, ಮುಂಗೈಗೆ ಹಚ್ಚಿದೆ. ತೆಳುವಾಗಿ ಕೂತಿತು, ರವಿಕೆಗೆ ಅಂಟಲಿಲ್ಲ. ಕೈಕಾಲಿಗೆ ಹಚ್ಚುವ ಕೆಂಪು ಬಣ್ಣ ಆಲ್ತಾವನ್ನು ಮಾತ್ರ ಎಲ್ಲಕ್ಕಿಂತ ಮೊದಲು, ಮನೆಯ ಹಳೇ ನೈಟಿಯಲ್ಲಿ ಇದ್ದಾಗಲೇ ಹಚ್ಚಿ ಪೂರ್ತಿ ಒಣಗಿಸಿದೆ. ಹಸಿ ಆಲ್ತಾ ರೇಷ್ಮೆಗೆ ತಾಗಿದರೆ ಹೋಗುವುದಿಲ್ಲ.

ಕಾಡಿಗೆಗೆ ಲ್ಯಾಕ್ಮೆ ಐಕಾನಿಕ್ ಬಳಸಿದೆ. ಕಪ್ಪಾಗಿ ಬೀಳುತ್ತದೆ, ಕಣ್ಣಿಂದ ಹೊರಗೆ ಎಳೆದ ಬಾಲ ಸ್ಟುಡಿಯೊ ಲೈಟಿನ ಕಾವಿಗೂ ಹರಡಲಿಲ್ಲ. ಫೋಟೊಗೆ ಆ ಬಾಲವನ್ನು ವೇದಿಕೆಗಿಂತ ಸಪೂರ ಎಳೆಯಿರಿ. ತುಟಿಗೆ ಇಟ್ಟಿಗೆಗೆಂಪು, ಕೆನ್ನೆಗೂ ಅದೇ ಜಾತಿಯ ಬಣ್ಣ. ಗುಲಾಬಿ ಬೇಡವೇ ಬೇಡ. ಮಿಂಚು ಯಾವ ಜಾಗಕ್ಕೂ ಹಾಕಲಿಲ್ಲ. ಬೈತಲೆಬೊಟ್ಟು, ಸೂರ್ಯ ಚಂದ್ರ, ಬುಲಾಕು, ಮಾಟಿ, ವಂಕಿ, ಡಾಬು, ಇಷ್ಟೆಲ್ಲ ಒಡವೆ ಹೊಳೆಯುತ್ತಿರುವಾಗ ಕೆನ್ನೆಯೂ ಹೊಳೆದರೆ ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕು?

ಒಂದು ವಿಷಯ ಫೋಟೊಗ್ರಾಫರ್ ಹೇಳಿಕೊಟ್ಟರು. ಮೊದಲ ಸಲ ಗಿಳಿಹಸಿರು ರೇಷ್ಮೆಯ ಕಾಸ್ಟ್ಯೂಮ್ ಹಾಕಿಸಿದ್ದೆವು. ಗಲ್ಲದ ಕೆಳಗೆ, ಕತ್ತಿನಲ್ಲಿ ಒಂದು ಥರ ಹಸಿರು ಕಳೆ ಇತ್ತು. ಅದನ್ನೂ ಮೇಕಪ್ಪಿನ ತಪ್ಪು ಅಂದುಕೊಂಡಿದ್ದೆ. ಅವರು ಲೈಟನ್ನು ಸ್ವಲ್ಪ ಮೇಲಕ್ಕೆತ್ತಿ, "ನೋಡಿ ಅಕ್ಕಾ, ಬಟ್ಟೆ ಮೇಲೆ ಬಿದ್ದ ಬೆಳಕು ಮುಖಕ್ಕೆ ಹೊಡೀತಿದೆ" ಅಂದರು. ನಿಜ, ಕೈ ಅಡ್ಡ ಹಿಡಿದರೆ ಹಸಿರು ಹೋಗುತ್ತಿತ್ತು. ಎರಡನೇ ಸಲ ಅರಿಶಿನ ಬಣ್ಣಕ್ಕೆ ಮರೂನ್ ಅಂಚಿನದು ಹಾಕಿಸಿದೆವು. ಆ ಅರಿಶಿನದ ಕಳೆ ಅವಳ ಬಣ್ಣಕ್ಕೆ ಬಿಸಿಲು ಬಿದ್ದ ಹಾಗೆ ಒಪ್ಪಿತು. ಮೇಕಪ್ ಕೊಳ್ಳುವ ಮೊದಲೇ ಯಾವ ಕಾಸ್ಟ್ಯೂಮ್ ಅಂತ ತೀರ್ಮಾನ ಮಾಡಿಕೊಳ್ಳಿ, ಸಾಧ್ಯವಾದರೆ ಅದರ ಒಂದು ತುಂಡು ಬಟ್ಟೆ ಹಿಡಿದು ಅಂಗಡಿಗೆ ಹೋಗಿ.

ಸ್ಟುಡಿಯೊ ಮುಗಿದ ಮೇಲೆ ಇನ್ನೊಂದು ಭಾನುವಾರ ಮೇಲುಕೋಟೆಗೆ ಹೋದೆವು. ಕಲ್ಯಾಣಿಯ ಮೆಟ್ಟಿಲ ಮೇಲೆ ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ. ಫ್ಲ್ಯಾಶ್ ಇಲ್ಲ, ಬರೀ ಬೆಳಗಿನ ಬೆಳಕು. ಅಲ್ಲಿ ಸನ್‌ಸ್ಕ್ರೀನ್ ಧಾರಾಳವಾಗಿ ಹಚ್ಚಿದೆ, ಸ್ಟಿಕ್ ಸ್ಟುಡಿಯೊಗಿಂತ ಅರ್ಧಕ್ಕರ್ಧ ಕಮ್ಮಿ, ಪೌಡರ್ ಹಣೆ ಮತ್ತು ಮೂಗಿಗೆ ಮಾತ್ರ. ಏಳೂವರೆ ಹೊತ್ತಿಗೆ ಬೆವರು ಶುರುವಾಯಿತು. ಬೆವರಿನ ಮೇಲೆ ಪೌಡರ್ ಹಾಕಿದರೆ ಹಿಟ್ಟು ಕಲೆಸಿದ ಹಾಗಾಗುತ್ತದೆ. ಟಿಶ್ಯೂ ಒತ್ತಿ ಬೆವರು ತೆಗೆದೆ, ಅಷ್ಟೇ. ಮೇಕಪ್ ಜರುಗಲಿಲ್ಲ. ಮೈಸೂರು ಮಲ್ಲಿಗೆಯ ದಂಡೆ ಮುಡಿಸಿ, ಅವಳು ಮೆಟ್ಟಿಲ ಮೇಲೆ ಮಂಡಿ ಬಾಗಿಸಿ ಅರೆಮಂಡಿಯಲ್ಲಿ ನಿಂತಾಗ ಓರೆಯಿಂದ ಬಂದ ಬೆಳಕು ಕೆನ್ನೆಯ ಸಣ್ಣ ಸಣ್ಣ ಕೂದಲನ್ನೂ ತೋರಿಸುತ್ತಿತ್ತು. ಚರ್ಮ ಚರ್ಮದ ಹಾಗೇ ಇತ್ತು. ಕಾರ್ಡಿಗೆ ಹಾಕಿದ್ದು ಆ ಫೋಟೊವನ್ನೇ.

ಎಲ್ಲರೂ ಈ ಸ್ಟಿಕ್ಕೇ ಕೊಳ್ಳಬೇಕಾ? ಇಲ್ಲ. ಸ್ಕೂಲ್ ಡೇಗೆ ಹತ್ತು ಮಕ್ಕಳ ಗುಂಪು ನೃತ್ಯಕ್ಕೆ ಪ್ಯಾನ್‌ಕೇಕ್ ಸಾಕು. ನಮ್ಮ ಕ್ಲಾಸುಗಳಲ್ಲಿ ಮುಖಕ್ಕೆ ಹಚ್ಚುವ ಎಲ್ಲ ಬಣ್ಣಕ್ಕೂ ಪ್ಯಾನ್‌ಕೇಕ್ ಅಂತಲೇ ಹೇಳುವುದು ರೂಢಿ. ನಿಜವಾಗಿ ಆ ಹೆಸರು 1930ರ ದಶಕದಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ಟೆಕ್ನಿಕಲರ್ ಸಿನಿಮಾಗಳಿಗಾಗಿ ಮಾಡಿದ ಬಿಲ್ಲೆಯದು. ಹಸಿ ಸ್ಪಂಜಿನಿಂದ ಎತ್ತಿಕೊಂಡು ಹಚ್ಚುವಂಥದ್ದು. ಬೇಗ ಆಗುತ್ತದೆ, ಖರ್ಚೂ ಕಮ್ಮಿ. ಆದರೆ ಒಣಗಿದ ಮೇಲೆ ನಕ್ಕರೆ ಬಾಯಿಯ ಪಕ್ಕ ಗೆರೆ ಬಿಡುತ್ತದೆ, ಕ್ಲೋಸಪ್‌ಗೆ ನನಗೆ ಒಪ್ಪಲಿಲ್ಲ. ಬರೀ ಹೊರಾಂಗಣದಲ್ಲಿ, ಬೆಳಗಿನ ಬೆಳಕಿನಲ್ಲಿ ತೆಗೆಸುತ್ತೀರಿ ಅಂದರೆ ನೀವು ದಿನಾ ಹಚ್ಚುವ ಫೌಂಡೇಶನ್ನೇ, ಶೇಡ್ ಸರಿ ಇದ್ದರೆ, ಸಾಕು. ಸ್ಟುಡಿಯೊ, ಫ್ಲ್ಯಾಶ್, ಹತ್ತಿರದ ಫೋಟೊ, ಆಮೇಲೆ ಅದೇ ಸಾಮಾನಿನಲ್ಲಿ ಎರಡು ಗಂಟೆಯ ಕಾರ್ಯಕ್ರಮ, ಇಷ್ಟೂ ಬೇಕಿದ್ದರೆ ಈ ಸ್ಟಿಕ್ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಕೊರತೆಯೂ ಇದೆ. ಬೇಸಿಗೆಯಲ್ಲಿ ಕಡ್ಡಿ ಮೆತ್ತಗಾಗುತ್ತದೆ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರಂತೂ ಕೆಟ್ಟಂತೆ. ಪೌಡರ್ ಹಾಕದೆ ಬಿಟ್ಟರೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಮೊಡವೆ ಬರುವ ಮುಖಕ್ಕೆ ಪದೇ ಪದೇ ಹಚ್ಚಲು ನಾನು ಹೇಳುವುದಿಲ್ಲ. ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದೂ ಬೇಡ. ಹಂಚಲೇಬೇಕಾದರೆ ಚಾಕುವಿನಿಂದ ಸ್ವಲ್ಪ ಕೆರೆದು ತಟ್ಟೆಗೆ ಹಾಕಿ ಕೊಡಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಫೋಟೊಗ್ರಾಫರ್ ಕೊನೆಗೆ ಕಂಪ್ಯೂಟರಿನಲ್ಲಿ ಕೂರಿಸಿ, "ಸ್ಕಿನ್ ಸ್ವಲ್ಪ ಸ್ಮೂತ್ ಮಾಡ್ಲಾ ಪುಟ್ಟಾ?" ಅಂತ ಮಗಳನ್ನೇ ಕೇಳಿದರು. ಅವಳು ಹಣೆಯ ಮೇಲಿನ ಒಂದು ಮೊಡವೆ ತೋರಿಸಿ ಅದನ್ನು ತೆಗೆಯಿರಿ ಅಂದಳು. ಗಲ್ಲದ ಮಚ್ಚೆ ಮೇಲೆ ಬೆರಳಿಟ್ಟು, "ಇದು ಇರಲಿ ಅಣ್ಣಾ" ಅಂದಳು.

ತೆಗೆಯುವ ಬಗ್ಗೆಯೂ ಹೇಳಿಬಿಡುತ್ತೇನೆ. ಈ ಸ್ಟಿಕ್ ಬರೀ ಸೋಪಿಗೆ ಹೋಗುವುದಿಲ್ಲ. ತೆಂಗಿನೆಣ್ಣೆ ಎರಡು ಚಮಚ ಅಂಗೈಯಲ್ಲಿ ಬೆಚ್ಚಗೆ ಮಾಡಿ ಮುಖಕ್ಕೆ, ಕತ್ತಿಗೆ ಸವರಿ ಎರಡು ನಿಮಿಷ ಬಿಡಿ. ಹಳೇ ಹತ್ತಿ ಪಂಚೆಯ ತುಂಡಿನಿಂದ ಒತ್ತಿ ಒರೆಸಿ, ಕಣ್ಣಿನ ಹತ್ತಿರ ಉಜ್ಜದೆ. ಆಮೇಲೆ ಕಡಲೆಹಿಟ್ಟು ಹಾಕಿ ತೊಳೆಯಿರಿ. ಮುಖಕ್ಕಿಂತ ಕಿವಿಯ ಹಿಂದೆ ಜಾಸ್ತಿ ಉಳಿದಿರುತ್ತದೆ, ಅಲ್ಲಿ ಎರಡನೇ ಸಲ ಎಣ್ಣೆ ಬೇಕು. ನಾವು ಮೇಲುಕೋಟೆಯಿಂದ ಬಂದ ದಿನ ಅವಳು ಸುಸ್ತಾಗಿ ಸೋಫಾ ಮೇಲೆ ಮಲಗಿಬಿಟ್ಟಿದ್ದಳು. ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ನಾನೇ ಒರೆಸಿದೆ. ಮಾರನೇ ದಿನ ಕಾಲೇಜಿಗೆ ಹೊರಟಾಗ ಬಾಗಿಲ ಬೆಳಕಿನಲ್ಲಿ ಗಲ್ಲ ಹಿಡಿದು ನೋಡಿದೆ. ಒಂದೂ ಗುಳ್ಳೆ ಇರಲಿಲ್ಲ. ಕಿವಿಯ ಹಿಂದೆ ಒಂದು ಚೂರು ಬಣ್ಣ ಮಾತ್ರ ಉಳಿದಿತ್ತು, ಸೆರಗಿನಿಂದ ಒರೆಸಿ ಕಳಿಸಿದೆ.